ಮೋರಿಯ ಬಗ್ಗೆ ಒಂದು ಅರ್ಜಿ

"ಏನ್ ಮೇಡಂ, ನನ್ನೇ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎನ್ನುತ್ತ, ನಮ್ಮ ಬೀದಿಯ ಮೋರಿ ಕೆಲಸ ಹಿಡಿದಿದ್ದ ಕಂಟ್ರಾಕ್ಟರು ಬೆಳಿಗ್ಗೆಯೇ ಬಾಗಿಲಿಗೆ ಬಂದಿದ್ದರು. ಅವರ ಕೈಯಲ್ಲಿದ್ದ ಜೆರಾಕ್ಸ್ ಪ್ರತಿ ಕಂಡು ದಂಗಾದೆ. ಮಾಹಿತಿ ಹಕ್ಕಿನ ಕಾಯ್ದೆ ಹೊಸದಾಗಿ ಬಂದಿದ್ದ ದಿನಗಳವು. ಇಟ್ಟಮಡುವಿನ ನಮ್ಮ ಬೀದಿಯಲ್ಲಿ ಮೋರಿ ಅಗೆದು ಹಾಗೇ ಬಿಟ್ಟಿದ್ದರ ಬಗ್ಗೆ ವಿವರ ಕೇಳಿ ನಾನು ವಾರ್ಡ್ ಕಚೇರಿಗೆ ಕೊಟ್ಟಿದ್ದ ಅರ್ಜಿ ಅದು. ನನ್ನ ಹೆಸರು, ಮನೆ ನಂಬರು, ಸಹಿ ಎಲ್ಲವೂ ಅದರಲ್ಲಿತ್ತು. ಕಚೇರಿಯಿಂದ ನನಗಿನ್ನೂ ಉತ್ತರ ಬಂದಿರಲಿಲ್ಲ.

ಊರಿನ ಹಳಬರು, ಮನೆಗೆ ಬಂದವರು. ಕೂರಿಸಿ ಕಾಫಿ ಕೊಟ್ಟೆ. "ಸರಿ, ನೀವೇ ಹೇಳಿ, ಕೆಲಸ ಯಾವಾಗ ಮುಗಿಯುತ್ತೆ?" ಎಂದೆ.

"ಅದು ಮುಗ್ದು ಬಿಲ್ಲೂ ಪಾಸಾಯ್ತಲ್ಲ ಮೇಡಂ" ಎಂದರು, ಒಂಚೂರೂ ಅಳುಕದೆ. ಲೋಟ ಕೆಳಗಿಟ್ಟು ಎದ್ದರು. ಗೇಟಿನ ಮುಂದಿನ ಮೋರಿಗೆ ನಾವೇ ಅಡ್ಡ ಹಾಕಿಕೊಂಡಿದ್ದ ಹಲಗೆಯ ಮೇಲೆ ಜೋಪಾನವಾಗಿ ಕಾಲಿಟ್ಟು ದಾಟಿದರು. ಆಚೆ ನಿಂತು ತಿರುಗಿ, "ಮಗ್ಳು ಸಂಜೆ ಟ್ಯೂಷನ್ ಮುಗಿಸ್ಕೊಂಡು ಒಬ್ಳೇ ಬರ್ತಾಳಲ್ವಾ? ಹುಷಾರು ಅಂತ ಹೇಳಿ, ಮೋರಿ ಓಪನ್ ಇದೆ" ಎಂದರು. ದನಿ ನಯವಾಗಿಯೇ ಇತ್ತು. ಮಗಳ ಟ್ಯೂಷನ್ ವಿಷಯ ನಾನು ಅರ್ಜಿಯಲ್ಲಿ ಬರೆದಿರಲಿಲ್ಲ.

ಕೊನೆಗೊಮ್ಮೆ ಕಚೇರಿಯ ಉತ್ತರವೂ ಬಂತು. ಕೇಳಿದ ಮಾಹಿತಿ ಮೂರನೆಯವರಿಗೆ ಸಂಬಂಧಿಸಿದ್ದರಿಂದ ಕೊಡಲಾಗದು ಎಂದಿತ್ತು. ಅವತ್ತೇ ಮೇಲ್ಮನವಿ ಬರೆಯಲು ಕೂತೆ. ವಿಷಯವೆಲ್ಲ ಬರೆದಾಯಿತು. ಕೆಳಗೆ ಹೆಸರು, ವಿಳಾಸ ಬರೆಯಬೇಕಾದಾಗ ಕೈ ನಿಂತುಬಿಟ್ಟಿತು.