ಏಳು ತಿಂಗಳಿಗೆ ಹುಟ್ಟಿದವರು

ನಾನು ಏಳು ತಿಂಗಳಿಗೇ ಹುಟ್ಟಿದವಳು. ಹೆಸರಘಟ್ಟದ ಹತ್ತಿರದ ನಮ್ಮ ಊರಿನಲ್ಲಿ ಅಜ್ಜಿ ನನ್ನನ್ನು ಹತ್ತಿಯಲ್ಲಿ ಸುತ್ತಿಟ್ಟು, ಇಂಕ್ ಫಿಲ್ಲರಿನಲ್ಲಿ ಅಮ್ಮನ ಹಾಲು ಬಿಟ್ಟು ಉಳಿಸಿಕೊಂಡಳಂತೆ. ಮನೆಯವರು ಹೇಳುವ ಕತೆ ಇಷ್ಟೇ. ನಾನು ಬದುಕಿದೆ ಅನ್ನುವಲ್ಲಿಗೆ ಅದು ಮುಗಿಯುತ್ತದೆ.

ಬದುಕಿದ ಮೇಲೆ ಎಡಗಣ್ಣು ಮಸುಕಾಗಿಯೇ ಉಳಿಯಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಎದುರಿಗೆ ಬರುವ ಸ್ಕೂಟರ್ ಎಷ್ಟು ದೂರದಲ್ಲಿದೆ ಎಂದು ಅಂದಾಜು ಸಿಗದೆ, ರಸ್ತೆ ದಾಟಲು ಬೇರೆಯವರಿಗಾಗಿ ಕಾಯುತ್ತೇನೆ. ಈಗ ನನಗೆ ನಲವತ್ತರ ಹತ್ತಿರ. ಸಹಕಾರನಗರದ ಮನೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದುಕೊಂಡು ಅನುವಾದದ ಕೆಲಸ ಮಾಡುತ್ತೇನೆ.

ಕೆಳಗಿನ ಮನೆಯ ಓನರ್ ಆಂಟಿಯ ಸೊಸೆಗೂ ಏಳು ತಿಂಗಳಿಗೇ ಹೆರಿಗೆಯಾಯಿತು. ಮಗು ಆಸ್ಪತ್ರೆಯ ಐಸಿಯುನಲ್ಲಿತ್ತು. ಒಂದು ಬೆಳಿಗ್ಗೆ ಆಂಟಿ ಮೇಲೆ ಬಂದರು.

"ನೀವೂ ಏಳ್ ತಿಂಗ್ಳಿಗೇ ಹುಟ್ಟಿದ್ದು ಅಂದಿದ್ರಲ್ಲ. ಒಂದ್ಸಲ ಬನ್ನಿ, ನನ್ ಸೊಸೆ ನಿಮ್ಮನ್ನ ನೋಡ್ಲಿ. ಧೈರ್ಯ ಬರತ್ತೆ."

ಹೋದೆ. ಆಟೋದಲ್ಲಿ ಹೆಬ್ಬಾಳ ದಾಟುವಾಗ ಅವರು ಮೆಲ್ಲಗೆ, "ಕಣ್ಣಿನ ವಿಷ್ಯ ಮಾತ್ರ ಎತ್ಬೇಡಿ ಕಣ್ರೀ" ಎಂದರು.

ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಸೊಸೆ ಕೂತಿದ್ದಳು. "ನೋಡಮ್ಮ, ಇವ್ರೂ ನಮ್ ಪಾಪು ಥರಾನೇ. ಎಷ್ಟ್ ಚೆನ್ನಾಗಿದಾರೆ" ಎಂದು ಆಂಟಿ ನನ್ನನ್ನು ತೋರಿಸಿ, ಕಾಫಿ ತರಲು ಹೋದರು. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕ, ನಿಜ ಹೇಳಿ. ಹೇಗಿದೀರ?"

ಡಾಕ್ಟರುಗಳು ನನ್ನ ಕಣ್ಣು ಹೇಗಿದೆ, ಉಸಿರು ಹೇಗಿದೆ ಎಂದು ಕೇಳಿದ್ದರು. ಹೀಗೆ ಒಟ್ಟಾಗಿ ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ ಎಲ್ಲವನ್ನೂ ಹೇಳಿದೆ, ಕಣ್ಣಿನದನ್ನೂ.

"ಮತ್ತೆ?"

"ಗಾಡಿ ಓಡ್ಸಕ್ಕಾಗಲ್ಲ. ಬೇಗ ಸುಸ್ತಾಗತ್ತೆ. ಇಷ್ಟಪಟ್ಟು ಮಾಡೋ ಕೆಲ್ಸ ಇದೆ. ಭಾನುವಾರ ಬಾಗಲಗುಂಟೆಗೆ, ನಮ್ಮಕ್ಕನ ಮನೆಗೆ ಹೋಗಿ, ಅವ್ಳ ಜೊತೆ ಜಗಳ ಆಡಿ, ಊಟ ಮಾಡ್ಕೊಂಡು ಬರ್ತೀನಿ. ಚೆನ್ನಾಗೇ ಇದೀನಿ."

ಅವಳು ಅತ್ತಳು. "ಎಲ್ರೂ ಏನೂ ಆಗಲ್ಲ ಅಂತಾನೇ ಹೇಳ್ತಾರೆ, ಅಕ್ಕ. ಏನಾದ್ರೂ ಆದ್ರೆ ಏನ್ಮಾಡೋದು ಅಂತ ನಂಗೆ ಭಯ" ಎಂದಳು.

ಗಾಜಿನಾಚೆ ಮಗುವನ್ನು ತೋರಿಸಿದರು. ಉಣ್ಣೆಯ ಟೋಪಿ, ಒಂದಷ್ಟು ನಳಿಕೆಗಳು. ನನ್ನೊಳಗೆ ಏನಾದರೂ ಮಿಡಿಯಬಹುದೆಂದು ಕಾದೆ. ಪಾಪುವಿಗೆ ಸಾಕಷ್ಟು ಬೆಚ್ಚಗಿದೆ ಎಂದಷ್ಟೇ ಅನ್ನಿಸಿತು.

ಮಗು ಮನೆಗೆ ಬಂದ ಮೇಲೆ, ಬಾಣಂತಿ ಹೊಸಿಲು ದಾಟಬಾರದು ಎಂದು ಆಂಟಿ ಹಟ ಹಿಡಿದರು. ಮಗುವಿನ ಕಣ್ಣಿನ ತಪಾಸಣೆ ತಪ್ಪಿಸುವುದಿಲ್ಲ ಎಂದು ಸೊಸೆ ಅದಕ್ಕಿಂತ ಹೆಚ್ಚು ಹಟ ಮಾಡಿ, ಮಗುವನ್ನು ಎತ್ತಿಕೊಂಡು ಗಂಡನ ಜೊತೆ ಆಸ್ಪತ್ರೆಗೆ ಹೋದಳು. ಕಣ್ಣಿನ ಹಿಂಭಾಗದಲ್ಲಿ ತೊಂದರೆ ಶುರುವಾಗಿತ್ತು. ಲೇಸರ್ ಮಾಡಿದರು, ಸರಿಯಾದ ಹೊತ್ತಿಗೆ ಬಂದಿರಿ ಎಂದರಂತೆ. ಕಣ್ಣಿನ ವಿಷಯ ಎತ್ತಿದ್ದಕ್ಕೆ ಅದುವರೆಗೆ ನನ್ನ ಮೇಲೆ ಮುನಿಸಿಕೊಂಡಿದ್ದ ಆಂಟಿ, ಮಾರನೆಯ ದಿನ ನುಗ್ಗೆಕಾಯಿ ಸಾರು ಕಳಿಸಿದರು.

ಈಗ ಮಗುವಿಗೆ ಒಂದೂವರೆ ವರ್ಷ. ಗೋಡೆ ಹಿಡಿದು ನಿಲ್ಲುತ್ತದೆ, ಅಷ್ಟೇ. ಮೊನ್ನೆ ಆಂಟಿ ಬಂದು, "ನೀವು ಯಾವಾಗ ನಡೆದ್ರಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಲ್ಲೇ ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ.

"ಎರಡು ತುಂಬಿತ್ತು ಕಣೆ" ಅಂದಳು ಅಮ್ಮ. "ಅಲ್ಲೀಗಂಟ ನಾನು ಯಾರ ಮನೇಗೂ ಓಗ್ತಿರ್ಲಿಲ್ಲ. ಓದ್ರೆ ಎಲ್ರೂ ಅದನ್ನೇ ಕೇಳೋರು."

ಆಂಟಿ ತಲೆಯಾಡಿಸಿದರು. ನಾನು ಕಾಫಿ ಮಾಡಿ ತರುವಷ್ಟರಲ್ಲಿ ಅವರು, ಎಂದೂ ನೋಡದ ನನ್ನ ಅಮ್ಮನ ಜೊತೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮಾತಾಡುತ್ತಿದ್ದರು.