ಜಾದೂ ಮೇಷ್ಟ್ರ ಕೈಗಳು
ತಿಂಗಳ ಚಂದಾ ಕಟ್ಟಿದವರಿಗೆ ಮನೆಯಿಂದಲೇ ಜಾದೂ ಕಲಿಸುವ ಮೇಷ್ಟ್ರು ಅಡುಗೆಮನೆಗೆ ಹೋಗುವಾಗಲೂ ಕಪ್ಪು ಕೋಟು ಬಿಚ್ಚುವುದಿಲ್ಲ. ತಿಂಗಳ ಮೊದಲ ವಾರವಿಡೀ ಊಟದ ಮೇಜಿನ ತುಂಬ ಅಂಚೆಗೆ ಹಾಕಬೇಕಾದ ರಟ್ಟಿನ ಡಬ್ಬಿಗಳು; ಒಂದೊಂದರಲ್ಲೂ ತುಂಡು ಹಗ್ಗ, ಇಸ್ಪೀಟು ಕಟ್ಟು, ಗುಟ್ಟು ಬರೆದ ಚೀಟಿ. ಕಲಿಯುವವರ ಫೋನು ಬಂದರೆ ಮೇಷ್ಟ್ರ ದನಿ ಬೀದಿಗೆ ಕೇಳುತ್ತದೆ: "ಆತುರ ಬೇಡಪ್ಪ, ಬೆರಳಿಗೆ ಮೊದಲು ಸೋಮಾರಿತನ ಕಲಿಸು!" ಯಾರಿಗಾದರೂ ಗಂಟು ಬಿಚ್ಚಲು ಬರದಿದ್ದರೆ ಅವರನ್ನು ಬಿಟ್ಟು ಹಗ್ಗಕ್ಕೇ ಬೈಯುತ್ತಾರೆ. ಹೊಸಬರೆಲ್ಲ ಹೊಗಳುವುದು ಮಾತ್ರ ಪಾಠದ ವಿಡಿಯೋದಲ್ಲಿ ಕಾಣುವ ಕೈಗಳನ್ನು. "ಈ ವಯಸ್ಸಲ್ಲೂ ಒಂಚೂರೂ ನಡುಗಲ್ವಲ್ಲ ಸಾರ್!" ಎಂದರೆ, "ಎಲ್ಲಾ ಅಭ್ಯಾಸ ಕಣಪ್ಪ" ಎಂದು ಫೋನಿಟ್ಟುಬಿಡುತ್ತಾರೆ. ಆ ಕೈಗಳು ಅವರವಲ್ಲ. ಎರಡು ವರ್ಷದ ಹಿಂದೆ ಶುರುವಾದ ನಡುಕದ ಕಾಯಿಲೆ ಅವರ ಬೆರಳುಗಳ ಹಿಡಿತವನ್ನೇ ಕಸಿದುಕೊಂಡಿತು. ಮೂವತ್ತು ವರ್ಷ ವೇದಿಕೆಯ ಮೇಲೆ ಪೆಟ್ಟಿಗೆಯೊಳಗೆ ಮಲಗಿ ಅವರ ಗರಗಸಕ್ಕೆ ಮೈಯೊಡ್ಡಿದ ಹೆಂಡತಿ, ಈಗ ಬಳೆ ತೆಗೆದಿಟ್ಟು, ಗಂಡನ ಇನ್ನೊಂದು ಕೋಟು ತೊಟ್ಟು, ಕೈಗಳಷ್ಟೇ ಕಾಣುವಂತೆ ಕ್ಯಾಮೆರಾದ ಮುಂದೆ ಕೂರುತ್ತಾರೆ; ಪಕ್ಕದಲ್ಲಿ ನಿಂತು ಮೇಷ್ಟ್ರು ಮಾತಾಡುತ್ತಾರೆ. ಪಾಠ ಮುಗಿದ ಮೇಲೆ ಆಕೆ ತಟ್ಟೆ ತಂದು ಎದುರು ಕುಳಿತು ಗಂಡನ ಬಾಯಿಗೆ ತುತ್ತು ಎತ್ತುತ್ತಾರೆ. "ಕಿಟಕಿ ಪರದೆ ಎಳೆದಿದ್ದೀಯಾ?" ಎಂದು ಕೇಳುತ್ತಾರೆ ಮೇಷ್ಟ್ರು. "ಎಳೆದಿದ್ದೀನಿ, ತಿನ್ನಿ" ಎಂದ ಮೇಲಷ್ಟೇ ಬಾಯಿ ತೆರೆಯುತ್ತಾರೆ.