ಮೀನಿನ ನೀರು ಕುಡಿದ ಗುಲಾಬಿ

“ಮುಟ್ಬೇಡ ದೇವಿಯಕ್ಕ! ಅದು ದೇವರಿಗೆ ಬೇಕು. ನಿನ್ನ ಕೈಯೆಲ್ಲ ಮೀನು” ಎಂದು ಕೂಗಿಬಿಟ್ಟೆ.

ಕಾಸರಕೋಡದಿಂದ ಮೀನು ಮಾರಲು ಬರುವ ದೇವಿಯಕ್ಕ, ನಮ್ಮ ಅಂಗಳದ ಗುಲಾಬಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ತುರುಬಿಗೆ ಒಂದೇ ಒಂದು ಹೂ ಬೇಕಿತ್ತು ಅವಳಿಗೆ. ಗಿಡ ಚೆನ್ನಾಗಿ ಹೂ ಬಿಡಲೆಂದು, ಮೀನು ತೊಳೆದ ನೀರನ್ನು ದಿನವೂ ಅವಳ ಕೈಯಿಂದಲೇ ಬುಡಕ್ಕೆ ಹೊಯ್ಯಿಸುತ್ತಿದ್ದವಳು ನಾನು.

ಅವಳು ಸಿಟ್ಟಾಗಲಿಲ್ಲ. “ಮೀನಿನ ನೀರು ಕುಡಿದ ಹೂ ದೇವರಿಗೆ ಆಗ್ತದೆ, ಮೀನು ಮುಟ್ಟಿದ ಕೈ ಆಗುದಿಲ್ವ ತಂಗಿ?” ಎಂದಳು.

ಈಗಲೂ ಬರುತ್ತಾಳೆ, ಗಿಡಕ್ಕೆ ನೀರು ಹೊಯ್ಯುತ್ತಾಳೆ. ನಾನೇ ಹೂ ಕೊಯ್ದು ಕೊಟ್ಟರೂ “ದೇವರಿಗೇ ಇರ್ಲಿ” ಎಂದು ನಕ್ಕು ಹೋಗುತ್ತಾಳೆ. ಆ ಹೂವನ್ನು ದೇವರಿಗೆ ಏರಿಸಲು ನನ್ನ ಕೈಯೇ ಮೇಲೇಳುವುದಿಲ್ಲ.